ವೇಗದ ಅಳತೆ ಮತ್ತು ಅಳತೆಯ ನ್ಯಾಯ
(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ರಸ್ತೆಗಳನ್ನು ಮುಂದಿಟ್ಟುಕೊಂಡು ನೀಡಿದ ದತ್ತಿ ಉಪನ್ಯಾಸದ ಪಠ್ಯ)

1. ವಿಷಯದ ವ್ಯಾಪ್ತಿ

ವಾಹನದ ವೇಗವನ್ನು ಅಳೆಯುವ ಪೊಲೀಸ್ ಯಂತ್ರಗಳು ಹಾಗೂ ಆ ಯಂತ್ರ ಎಲ್ಲಿ ಕಾದಿದೆ ಎಂಬುದನ್ನು ಮುಂಚಿತವಾಗಿ ಅರಿಯಲು ಚಾಲಕರು ಹೂಡುತ್ತ ಬಂದ ಉಪಾಯಗಳು, ಇವೆರಡರ ನಡುವೆ ನೂರು ವರ್ಷಕ್ಕೂ ಮಿಕ್ಕಿ ನಡೆದಿರುವ ಪೈಪೋಟಿಯೇ ಈ ಉಪನ್ಯಾಸದ ವಸ್ತು. ಈ ಪೈಪೋಟಿಯನ್ನು ಸಾಮಾನ್ಯವಾಗಿ ಮಹಾನಗರಗಳ ಮತ್ತು ದಶಪಥಗಳ ಸಂಗತಿಯೆಂದು ಭಾವಿಸಲಾಗುತ್ತದೆಯಾದರೂ, ಇಲ್ಲಿ ಅದನ್ನು ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ರಸ್ತೆಗಳಲ್ಲಿ ಇಟ್ಟು ನೋಡಲಾಗಿದೆ. ಏಕೆಂದರೆ ವೇಗವು ಎಲ್ಲಿ ಹುಟ್ಟುತ್ತದೆ, ಯಾರ ಲಾಭಕ್ಕಾಗಿ ಹುಟ್ಟುತ್ತದೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ತಾನಾಗಿಯೇ ಎದುರಾಗುತ್ತದೆ.

ಕಾಗಿಣಾ ನದಿಯ ಆಸುಪಾಸಿನ ಸುಣ್ಣಕಲ್ಲಿನ ಪದರಗಳು ಈ ಸೀಮೆಯ ಬದುಕನ್ನು ರೂಪಿಸಿವೆ. ನೆಲಹಾಸಿಗೆ ಬಳಸುವ ಶಹಾಬಾದ್ ಫರ್ಸಿಕಲ್ಲು ಇದೇ ಪದರದ್ದು. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ, ಚಿತ್ತಾಪುರ ತಾಲ್ಲೂಕು ಇಟಗಾದ ಓರಿಯೆಂಟ್, ಸೇಡಂ ತಾಲ್ಲೂಕು ಕೋಡ್ಲಾದ ಶ್ರೀ, ಚಿಂಚೋಳಿ ತಾಲ್ಲೂಕು ಛತ್ರಸಾಲದ ಕಲಬುರಗಿ ಸಿಮೆಂಟ್ ಮೊದಲಾದ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಬಲದ ಮೇಲೆ. ವಾಡಿ ಜಂಕ್ಷನ್ನಿನ ಮೂಲಕ ರೈಲು ಎಷ್ಟೇ ಸರಕನ್ನು ಹೊತ್ತರೂ ಉಳಿದದ್ದು ರಸ್ತೆಗೇ ಬರುತ್ತದೆ: ಬಿಡಿ ಸಿಮೆಂಟು ಮತ್ತು ಹಾರುಬೂದಿ ಸಾಗಿಸುವ ಬಲ್ಕರುಗಳು, ಕಲ್ಲು ತುಂಬಿದ ಟಿಪ್ಪರುಗಳು, ಫರ್ಸಿ ಹೇರಿದ ಲಾರಿಗಳು. ಇವು ಓಡುವ ದಾರಿಯಲ್ಲೇ ಮಳಖೇಡದ ದರ್ಗಾಕ್ಕೂ ಉತ್ತರಾದಿ ಮಠಕ್ಕೂ ಹೋಗುವ ಯಾತ್ರಿಕರು, ಶಾಲೆಯ ಮಕ್ಕಳು, ಜನರನ್ನು ತುಂಬಿಕೊಂಡ ಟಂಟಂಗಳು, ಸುಗ್ಗಿಯಲ್ಲಿ ತೊಗರಿ ಹೇರಿಕೊಂಡು ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳು ಸಂಚರಿಸುತ್ತವೆ. ಪೂರ್ವಕ್ಕೆ ಹೊರಟ ದಾರಿಗಳು ಕೆಲವೇ ಕಿಲೋಮೀಟರುಗಳಲ್ಲಿ ತೆಲಂಗಾಣವನ್ನು ಮುಟ್ಟುತ್ತವೆ; ಆದ್ದರಿಂದ ಇಲ್ಲಿನ ಚಾಲಕನು ಒಂದೇ ದಿನದಲ್ಲಿ ಎರಡು ರಾಜ್ಯಗಳ ಪೊಲೀಸರ ಕಣ್ಣಿಗೆ ಬೀಳುವವನು.

2. ಕಾಯ್ದೆ ಹೇಳುವ ವೇಗ

1988ರ ಮೋಟಾರು ವಾಹನ ಕಾಯ್ದೆಯ 112ನೆಯ ಕಲಂ ವೇಗದ ಮಿತಿಗೆ ಆಧಾರ. ಆ ಮಿತಿಯನ್ನು ಮೀರಿದವರಿಗೆ ಶಿಕ್ಷೆ ವಿಧಿಸುವುದು 183ನೆಯ ಕಲಂ. ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮಧ್ಯವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್, ಸರಕು ವಾಹನಕ್ಕೆ 80 ಕಿಲೋಮೀಟರ್ ಗರಿಷ್ಠ ಮಿತಿಯಾದರೆ, ವಿಭಜಕವಿಲ್ಲದ ಇತರ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು, ಲಾರಿ ಮತ್ತು ದ್ವಿಚಕ್ರ ವಾಹನಗಳಿಗೆ 60, ಮೂರು ಚಕ್ರದ ವಾಹನಗಳಿಗೆ 50 ಕಿಲೋಮೀಟರ್ ಮಿತಿಯಿದೆ. ಊರು, ಶಾಲೆ, ತಿರುವು, ಸೇತುವೆಗಳಿರುವಲ್ಲಿ ರಾಜ್ಯ ಸರ್ಕಾರವು ಇದಕ್ಕಿಂತ ಕಡಿಮೆ ಮಿತಿಯನ್ನು ಗೊತ್ತುಪಡಿಸಬಹುದು, ಆದರೆ ಅದನ್ನು ಫಲಕದ ಮೂಲಕ ಕಾಣುವಂತೆ ಸಾರಬೇಕು.

ವಾಹನದ ಒಳಗೇ ಮಿತಿಯನ್ನು ಕೂಡಿಸುವ ಕ್ರಮವೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮದಂತೆ 2015ರ ಅಕ್ಟೋಬರ್‌ನಿಂದ ತಯಾರಾದ ಸಾರಿಗೆ ವಾಹನಗಳಲ್ಲಿ ವೇಗನಿಯಂತ್ರಕ, ಅಂದರೆ ನಿಗದಿತ ವೇಗ ಮುಟ್ಟಿದೊಡನೆ ಇಂಧನದ ಹರಿವನ್ನು ತಡೆಯುವ ಸಾಧನ, ಇರಬೇಕು. ಸಾಮಾನ್ಯ ಸಾರಿಗೆ ವಾಹನಕ್ಕೆ ಅದು 80 ಕಿಲೋಮೀಟರಿಗೂ, ಟಿಪ್ಪರು, ಟ್ಯಾಂಕರು, ಶಾಲಾ ಬಸ್ಸು ಹಾಗೂ ಅಪಾಯಕಾರಿ ಸರಕಿನ ವಾಹನಕ್ಕೆ 60 ಕಿಲೋಮೀಟರಿಗೂ ಕಟ್ಟಿರಬೇಕು. ಕಾರುಗಳಲ್ಲಿ 2019ರ ಜುಲೈಯಿಂದ 80 ಕಿಲೋಮೀಟರ್ ದಾಟಿದಾಗ ಬಿಟ್ಟುಬಿಟ್ಟು, 120 ದಾಟಿದಾಗ ಎಡೆಬಿಡದೆ ಮೊಳಗುವ ಎಚ್ಚರಿಕೆಯ ಸದ್ದು ಕಡ್ಡಾಯವಾಗಿದೆ.

ಈ ಮಿತಿಗಳ ಹಿಂದಿನ ಲೆಕ್ಕ ಸರಳವಾದುದು. 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗಿದರೆ 80ರ ವೇಗದ್ದು 22 ಮೀಟರ್ ಸಾಗುತ್ತದೆ. ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಈ ದೂರ ಕಳೆದುಹೋಗಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 60ರಿಂದ 80ಕ್ಕೆ ಏರಿದ ಲಾರಿಯ ಹೊಡೆತ ಶೇಕಡಾ 78ರಷ್ಟು ಹೆಚ್ಚುತ್ತದೆ. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಿನಲ್ಲಿ ಕೊನೆಗೊಳ್ಳುವ ಅಪಘಾತಗಳ ಸಂಭವ ಶೇಕಡಾ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

3. ಅಳೆಯುವ ಯಂತ್ರಗಳು

ವೇಗವನ್ನು ಕಣ್ಣಂದಾಜಿನಿಂದ ಹೇಳಿ ಶಿಕ್ಷೆ ಕೊಡಿಸುವಂತಿಲ್ಲ. ಚಾಲಕನು ಅತಿವೇಗದಲ್ಲಿದ್ದನೆಂದು ಒಬ್ಬನೇ ಸಾಕ್ಷಿ ತನ್ನ ಅಭಿಪ್ರಾಯವನ್ನಷ್ಟೇ ನುಡಿದರೆ ಸಾಲದು, ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಇಲೆಕ್ಟ್ರಾನಿಕ್ ಸಾಧನದ ಅಳತೆಯ ಆಧಾರ ಇರಬೇಕೆಂದು 183ನೆಯ ಕಲಮಿನ 3ನೆಯ ಉಪಕಲಂ ವಿಧಿಸುತ್ತದೆ. ಹೀಗಾಗಿ ಯಂತ್ರವು ಪೊಲೀಸರಿಗೆ ಅನುಕೂಲದ ವಸ್ತುವಾಗಿರುವಷ್ಟೇ ಚಾಲಕನಿಗೆ ರಕ್ಷಣೆಯೂ ಆಗಿದೆ.

ಇಂಥ ಯಂತ್ರಗಳಲ್ಲಿ ಹಳೆಯದು ರಾಡಾರ್. ಚಲಿಸುವ ವಸ್ತುವಿಗೆ ತಾಗಿ ಮರಳುವ ಅಲೆಯ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ, ಬದಲಾಗುತ್ತದೆಂಬ ತತ್ತ್ವವನ್ನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದನು. ರಾಡಾರ್ ಗನ್ 24.15 ಗಿಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಯನ್ನು ಹೊರಡಿಸುತ್ತದೆ ಎಂದುಕೊಂಡರೆ, ಎದುರು ಬರುವ ವಾಹನದ ಪ್ರತಿ ಒಂದು ಕಿಲೋಮೀಟರ್ ವೇಗಕ್ಕೆ ಮರಳಿದ ಅಲೆಯಲ್ಲಿ ಸುಮಾರು 45 ಹರ್ಟ್ಸ್ ವ್ಯತ್ಯಾಸ ಕಾಣುತ್ತದೆ. 80 ಕಿಲೋಮೀಟರಿಗೆ ಅದು ಸುಮಾರು 3,600 ಹರ್ಟ್ಸ್. ಯಂತ್ರವು ಈ ವ್ಯತ್ಯಾಸವನ್ನು ಎಣಿಸಿ ವೇಗವನ್ನು ತೋರಿಸುತ್ತದೆ. ಇದರ ಕೊರತೆಯೆಂದರೆ ಅಲೆಯ ಹರವು. 12 ಡಿಗ್ರಿ ಅಗಲದ ಅಲೆ 300 ಮೀಟರ್ ದೂರದಲ್ಲಿ 60 ಮೀಟರಿಗೂ ಹೆಚ್ಚು ವಿಸ್ತಾರವನ್ನು ಆವರಿಸುವುದರಿಂದ ಬಲ್ಕರು, ಜೀಪು, ಬೈಕು ಒಟ್ಟಿಗೆ ಬರುವಾಗ ತೋರಿದ ವೇಗ ಯಾವುದರದು ಎಂಬ ಪ್ರಶ್ನೆ ಏಳುತ್ತದೆ. ಯಂತ್ರವನ್ನು ರಸ್ತೆಗೆ ಓರೆಯಾಗಿ ಹಿಡಿದರೆ ನಿಜಕ್ಕಿಂತ ಕಡಿಮೆ ವೇಗ ಕಾಣುತ್ತದೆ, 30 ಡಿಗ್ರಿ ಓರೆಯಲ್ಲಿ 80 ಕಿಲೋಮೀಟರ್ 69 ಎಂದು ತೋರುತ್ತದೆ; ಈ ದೋಷ ಮಾತ್ರ ಚಾಲಕನ ಪರವಾಗಿಯೇ ಇರುತ್ತದೆ.

ಎರಡನೆಯದು ಲೇಸರ್ ಗನ್. ಇದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕಿರುಮಿಂಚುಗಳನ್ನು ಒಂದರ ಹಿಂದೊಂದು ಹಾರಿಸಿ, ಅವು ವಾಹನಕ್ಕೆ ತಾಗಿ ಮರಳಲು ಹಿಡಿದ ಕಾಲದಿಂದ ದೂರವನ್ನೂ, ದೂರವು ಕುಗ್ಗುವ ದರದಿಂದ ವೇಗವನ್ನೂ ಕಂಡುಹಿಡಿಯುತ್ತದೆ. 300 ಮೀಟರ್ ದೂರದಲ್ಲೂ ಕಿರಣದ ಅಗಲ ಸುಮಾರು ಒಂದು ಮೀಟರ್ ಮಾತ್ರವಾದ್ದರಿಂದ ಯಾವ ವಾಹನವನ್ನು ಅಳೆಯಲಾಯಿತು ಎಂಬುದರಲ್ಲಿ ಗೊಂದಲ ಕಡಿಮೆ. ದಟ್ಟ ಮಂಜು, ಜೋರು ಮಳೆ, ಎದ್ದ ದೂಳು ಮಾತ್ರ ಬೆಳಕನ್ನು ಚದುರಿಸಿ ಅಳತೆಯ ದೂರವನ್ನು ಕುಗ್ಗಿಸುತ್ತವೆ.

ಮೂರನೆಯದು ಸಂಖ್ಯಾಫಲಕವನ್ನು ತಾನಾಗಿ ಓದುವ ಕ್ಯಾಮೆರಾ. ಒಂದು ಜಾಗದಲ್ಲಿ ರಾಡಾರಿನ ಜೊತೆಗೂಡಿ ಕೆಲಸ ಮಾಡುವ ಇದನ್ನೇ ಎರಡು ಜಾಗಗಳಲ್ಲಿ ನಿಲ್ಲಿಸಿದರೆ ನಡುವಿನ ದೂರದ ಸರಾಸರಿ ವೇಗವನ್ನು ಅಳೆಯಬಹುದು. ಎರಡು ಕ್ಯಾಮೆರಾಗಳ ನಡುವಿನ ಅಂತರ 10 ಕಿಲೋಮೀಟರ್ ಆಗಿದ್ದು ಲಾರಿ ಅದನ್ನು 10 ನಿಮಿಷಕ್ಕಿಂತ ಬೇಗ ಕ್ರಮಿಸಿದರೆ ಅದು 60ರ ಮಿತಿಯನ್ನು ಮೀರಿದೆಯೆಂದೇ ಅರ್ಥ. 2024ರಲ್ಲಿ ಆರಂಭವಾದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಸಂಚಾರ ನಿರ್ವಹಣಾ ವ್ಯವಸ್ಥೆಯಲ್ಲಿ ಈ ಬಗೆಯ ಸರಾಸರಿ ಅಳತೆಯೂ ಸೇರಿದೆ. ಕರ್ನಾಟಕದಲ್ಲಿ ಬೆಂಗಳೂರು ನಗರಕ್ಕೆ 2022ರ ಡಿಸೆಂಬರಿನಲ್ಲಿಯೂ, ಬೆಂಗಳೂರು–ಮೈಸೂರು ಹೆದ್ದಾರಿಗೆ 2024ರಲ್ಲಿಯೂ ಕ್ಯಾಮೆರಾ ಆಧಾರಿತ ಜಾಲ ಬಂದಿತು; ಅದೇ ವರ್ಷದ ಆಗಸ್ಟ್ 1ರಿಂದ 130 ಕಿಲೋಮೀಟರ್ ಮೀರಿದ ಚಾಲಕರ ಮೇಲೆ ರಾಜ್ಯದಾದ್ಯಂತ ಎಫ್‌ಐಆರ್ ದಾಖಲಿಸುವ ಕ್ರಮವನ್ನು ಪೊಲೀಸ್ ಇಲಾಖೆ ಪ್ರಕಟಿಸಿತು.

4. ಪತ್ತೆಯ ಪ್ರಯತ್ನಗಳ ಚರಿತ್ರೆ

ಪೊಲೀಸರ ಅಳತೆಯನ್ನು ಪತ್ತೆಹಚ್ಚುವ ಪ್ರಯತ್ನ ರಾಡಾರಿಗಿಂತ ಹಳೆಯದು. ಬ್ರಿಟನ್ನಿನಲ್ಲಿ ಪೊದೆಯ ಮರೆಯಲ್ಲಿ ಕುಳಿತು ನಿಲ್ಲುಗಡಿಯಾರದಿಂದ ಮೋಟಾರುಗಳ ವೇಗವನ್ನು ಲೆಕ್ಕ ಹಾಕುತ್ತಿದ್ದ ಪೊಲೀಸರ ಸುಳಿವನ್ನು ಸದಸ್ಯರಿಗೆ ಕೊಡುವುದಕ್ಕೆಂದೇ 1905ರಲ್ಲಿ ಆಟೋಮೊಬೈಲ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಅದರ ಕಾವಲುಗಾರರು ಸೈಕಲ್ಲಿನ ಮೇಲೆ ತಿರುಗುತ್ತ ಚಾಲಕರನ್ನು ಎಚ್ಚರಿಸುತ್ತಿದ್ದರು. ಹೀಗೆ ಎಚ್ಚರಿಸುವುದು ತಪ್ಪೇ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಾಗ, 1907ರ ಒಂದು ಪ್ರಕರಣದಲ್ಲಿ ಚಾಲಕರು ಮಿತಿ ಮೀರಿದ್ದರೆಂಬುದಕ್ಕೆ ಪುರಾವೆಯಿಲ್ಲದ್ದರಿಂದ ಎಚ್ಚರಿಕೆ ಅಪರಾಧವಲ್ಲವೆಂದೂ, 1910ರ ಇನ್ನೊಂದರಲ್ಲಿ ಮಿತಿ ಮೀರಿ ಬರುತ್ತಿದ್ದವರನ್ನು ಸಿಕ್ಕಿಬೀಳದಂತೆ ಮಾಡಿದ್ದರಿಂದ ಅದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದೂ ತೀರ್ಪಾಯಿತು. ಸಂಘ ಆಗ ಹೊಸ ದಾರಿ ಹಿಡಿಯಿತು: ಕಾವಲುಗಾರ ಸದಸ್ಯನ ಕಾರಿಗೆ ಸಲಾಮು ಹೊಡೆಯುವುದು ವಾಡಿಕೆ, ಸಲಾಮು ಹೊಡೆಯದಿದ್ದರೆ ಸದಸ್ಯನು ನಿಂತು ಕಾರಣ ಕೇಳಬೇಕು. ಸಲಾಮು ಹೊಡೆಯದ ಕಾವಲುಗಾರನನ್ನು ಶಿಕ್ಷಿಸುವ ಕಾನೂನು ಇರಲಿಲ್ಲ.

ಯಂತ್ರದಿಂದ ಯಂತ್ರವನ್ನು ಹಿಡಿಯುವ ಕಾಲ ಅಮೆರಿಕೆಯಲ್ಲಿ ಬಂದಿತು. ತೈಲದ ಬಿಕ್ಕಟ್ಟಿನಿಂದಾಗಿ 1974ರಲ್ಲಿ ಅಲ್ಲಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್, ರಾಷ್ಟ್ರೀಯ ಮಿತಿಯಾದಾಗ ಲಾರಿ ಚಾಲಕರು ಗಾಡಿಯಿಂದ ಗಾಡಿಗೆ ಮಾತಾಡುವ ಸಿಬಿ ರೇಡಿಯೋದಲ್ಲಿ ಪೊಲೀಸರ ಸುಳಿವನ್ನು ಹಂಚಿಕೊಳ್ಳತೊಡಗಿದರು; ಫಜ್‌ಬಸ್ಟರ್, 1978ರ ಎಸ್ಕಾರ್ಟ್ ಮೊದಲಾದ ರಾಡಾರ್ ಡಿಟೆಕ್ಟರುಗಳು, ಅಂದರೆ ಪೊಲೀಸ್ ರಾಡಾರಿನ ಅಲೆಯನ್ನು ಗ್ರಹಿಸಿ ಸದ್ದು ಮಾಡುವ ಪೆಟ್ಟಿಗೆಗಳು, ಮಾರುಕಟ್ಟೆಗೆ ಬಂದವು. ಈ ಪೆಟ್ಟಿಗೆಗೆ ಭೌತಶಾಸ್ತ್ರವೇ ಅನುಕೂಲ ಮಾಡಿಕೊಟ್ಟಿತ್ತು. ಪೊಲೀಸರ ಯಂತ್ರಕ್ಕೆ ಅಲೆ ಹೋಗಿ ಮರಳಿ ಬರಬೇಕಾದ್ದರಿಂದ ಅದರ ಬಲ ದೂರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಡಿಟೆಕ್ಟರಿಗೆ ಅಲೆ ಒಮ್ಮುಖವಾಗಿ ಬಂದು ತಾಗಿದರೆ ಸಾಕಾದ್ದರಿಂದ ಬಲ ದೂರದ ವರ್ಗಕ್ಕೆ ಅನುಗುಣವಾಗಿಯಷ್ಟೇ ಕುಗ್ಗುತ್ತದೆ. ಆದಕಾರಣ ತಾನು ಅಳತೆಗೆ ಸಿಗುವ ಮೊದಲೇ ಚಾಲಕನಿಗೆ ಸುಳಿವು ದೊರೆಯುತ್ತಿತ್ತು.

ಪೊಲೀಸರು ಇದಕ್ಕೆ ಉತ್ತರವಾಗಿ ಗುರಿ ಹತ್ತಿರ ಬಂದಾಗ ಮಾತ್ರ ಗುಂಡಿ ಒತ್ತುವ ರಾಡಾರನ್ನೂ, ನಂತರ ಲೇಸರನ್ನೂ ಬಳಸಿದರು. ಡಿಟೆಕ್ಟರಿನೊಳಗಿನ ವಿದ್ಯುನ್ಮಂಡಲವೂ ಅಲ್ಪ ಪ್ರಮಾಣದ ಅಲೆಯನ್ನು ಸೋರುವುದರಿಂದ ಡಿಟೆಕ್ಟರನ್ನೇ ಹಿಡಿಯುವ ಇನ್ನೊಂದು ಯಂತ್ರ ಹುಟ್ಟಿತು. 1994ರಲ್ಲಿ ಅಮೆರಿಕೆಯು ವಾಣಿಜ್ಯ ಲಾರಿಗಳಲ್ಲಿ ಡಿಟೆಕ್ಟರನ್ನು ನಿಷೇಧಿಸಿತು. ಫ್ರಾನ್ಸ್ 2012ರಿಂದ ಕ್ಯಾಮೆರಾದ ನಿಖರ ಜಾಗವನ್ನು ತೋರಿಸುವ ಸಾಧನಗಳನ್ನು ತಡೆದು, ಹೆದ್ದಾರಿಯಲ್ಲಿ 4 ಕಿಲೋಮೀಟರ್, ಊರ ಹೊರಗೆ 2 ಕಿಲೋಮೀಟರ್, ಊರೊಳಗೆ 300 ಮೀಟರ್ ಉದ್ದದ ಅಪಾಯವಲಯವನ್ನಷ್ಟೇ ಸೂಚಿಸಲು ಬಿಟ್ಟಿತು. ಯುರೋಪಿನಲ್ಲಿ ಮನೆಮಾತಾದ ಗ್ಯಾಟ್ಸೊ ಕ್ಯಾಮೆರಾದ ಮೂಲಪುರುಷ ಹಾಲೆಂಡಿನ ಮೌರಿಟ್ಸ್ ಗ್ಯಾಟ್ಸೊನಿಡಿಸ್ 1953ರ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದ ಚಾಲಕ. ತಿರುವುಗಳಲ್ಲಿ ತನ್ನ ಕಾರು ಇನ್ನೂ ಎಷ್ಟು ವೇಗವಾಗಿ ಹೋಗಬಲ್ಲದೆಂದು ಅಳೆಯಲು ಅವನು ಕಟ್ಟಿದ ಸಾಧನವೇ ಮುಂದೆ ವೇಗದ ಚಾಲಕರನ್ನು ಹಿಡಿಯುವ ಯಂತ್ರವಾಯಿತು.

5. ಈ ಸೀಮೆಯ ರೂಢಿಗಳು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ರಸ್ತೆಗಳಲ್ಲಿ ಬೆಲೆಬಾಳುವ ಡಿಟೆಕ್ಟರಿನ ಕೆಲಸವನ್ನು ಎದುರು ಬರುವ ಗಾಡಿಯ ದೀಪವೇ ಮಾಡುತ್ತದೆ. ಮುಂದೆ ಪೊಲೀಸರಿದ್ದರೆ ಎದುರಿನ ಚಾಲಕ ಡಿಪ್ಪರ್ ಹೊಡೆಯುತ್ತಾನೆ. ಹಗಲಿನಲ್ಲಿ ಕಿಟಕಿಯಿಂದ ಕೈ ಚಾಚಿ ಅಂಗೈಯನ್ನು ಕೆಳಮುಖವಾಗಿ ಆಡಿಸುತ್ತಾನೆ. ದಾಬಾದಲ್ಲಿ ಆಡಿದ ಮಾತು, ಕ್ಲೀನರ್ ಹುಡುಗನ ಫೋನ್ ಕರೆ, ಚಾಲಕರ ವಾಟ್ಸಾಪ್ ಗುಂಪಿಗೆ ಬಂದ ಧ್ವನಿ ಸಂದೇಶ ಇವೆಲ್ಲ ಅದೇ ಜಾಲದ ಎಳೆಗಳು. 2019ರಿಂದ ಗೂಗಲ್ ಮ್ಯಾಪ್ಸ್ ಭಾರತದಲ್ಲಿಯೂ ವೇಗ ಕ್ಯಾಮೆರಾಗಳ ಗುರುತನ್ನು ತೋರಿಸುವುದರಿಂದ ನೆಲೆನಿಂತ ಕ್ಯಾಮೆರಾದ ಗುಟ್ಟು ಗುಟ್ಟಾಗಿ ಉಳಿದಿಲ್ಲ. ರಾಡಾರ್ ಡಿಟೆಕ್ಟರನ್ನು ಹೆಸರೆತ್ತಿ ನಿಷೇಧಿಸುವ ಕಲಂ ಮೋಟಾರು ವಾಹನ ಕಾಯ್ದೆಯಲ್ಲಿಲ್ಲ. ಆದರೆ ಸಂಕೇತವನ್ನು ಕೆಡಿಸುವ ಜಾಮರನ್ನು ಖಾಸಗಿ ವ್ಯಕ್ತಿಗಳು ಕೊಳ್ಳುವುದೂ ಬಳಸುವುದೂ ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟಪಡಿಸಿದೆ. ಸುಳಿವು ಪಡೆಯುವುದಕ್ಕೂ ಅಳತೆಯನ್ನೇ ಕೆಡಿಸುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯವಾದುದು.

ಈ ಎರಡನೆಯ ಬಗೆಯ ತಪ್ಪು ಇಲ್ಲಿ ಬೇರೆ ರೂಪದಲ್ಲಿ ಕಾಣುತ್ತದೆ. ಬಲ್ಕರುಗಳ ಹಿಂದಿನ ಸಂಖ್ಯಾಫಲಕದ ಮೇಲೆ ಸಿಮೆಂಟಿನ ಪುಡಿ ಕೂರುತ್ತದೆ, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಮೆತ್ತುತ್ತದೆ. ಫಲಕ ಮಾಸಿದ್ದರೆ ಕ್ಯಾಮೆರಾ ವೇಗವನ್ನು ಎಷ್ಟು ಸರಿಯಾಗಿ ಅಳೆದರೂ ಆ ವೇಗ ಯಾರದೆಂದು ಹೇಳಲಾರದು. ಕೆಲವು ಫಲಕಗಳು ತಾವಾಗಿ ಮಾಸುತ್ತವೆ, ಕೆಲವನ್ನು ಮಾಸಲು ಬಿಡಲಾಗುತ್ತದೆ, ಇನ್ನು ಕೆಲವನ್ನು ಬೇಕೆಂದೇ ಮಡಚಲಾಗುತ್ತದೆ. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂದಿತು. ವೇಗನಿಯಂತ್ರಕದ ತಂತಿಯನ್ನು ಬಿಚ್ಚಿಸುವುದು ಇದೇ ಜಾತಿಯ ತಪ್ಪು, ಪರಿಣಾಮದಲ್ಲಿ ಇದಕ್ಕಿಂತ ಘೋರವಾದುದು.

ಡಿಪ್ಪರಿನ ಸುಳಿವು ಸಿಕ್ಕ ಚಾಲಕ ಏನು ಮಾಡುತ್ತಾನೆ ಎಂಬುದರಲ್ಲಿ ಒಂದು ಜಾಗದ ತಪಾಸಣೆಯ ಬಲವೂ ದೌರ್ಬಲ್ಯವೂ ಕಾಣುತ್ತದೆ. ಅವನು ವೇಗವನ್ನು ಇಳಿಸುತ್ತಾನೆ, ಪೊಲೀಸರನ್ನು ದಾಟುತ್ತಾನೆ, ಕಳೆದ ನಿಮಿಷಗಳನ್ನು ಗಳಿಸಿಕೊಳ್ಳಲು ಮೊದಲಿಗಿಂತ ಜೋರಾಗಿ ಓಡಿಸುತ್ತಾನೆ. ತಪಾಸಣೆ ಮಳಖೇಡದ ಸೇತುವೆಯ ಬಳಿಯಿದ್ದರೆ ಆ ಸೇತುವೆ ಅಂದಿನ ಮಟ್ಟಿಗೆ ಕ್ಷೇಮ, ಮುಂದಿನ ಊರಿನ ಶಾಲೆಯಲ್ಲ. ಸರಾಸರಿ ವೇಗದ ಅಳತೆಯೆದುರು ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕ್ಯಾಮೆರಾ ಎಲ್ಲಿದೆಯೆಂದು ಎಲ್ಲರಿಗೂ ತಿಳಿದಿದ್ದರೂ ಚಾಲಕನಿಗೆ ಉಳಿಯುವ ಒಂದೇ ದಾರಿಯೆಂದರೆ ಎರಡು ಕ್ಯಾಮೆರಾಗಳ ನಡುವಿನ ಇಡೀ ದೂರವನ್ನು ಮಿತಿಯೊಳಗೆ ಓಡಿಸುವುದು.

6. ಅಳತೆಯ ನ್ಯಾಯ

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 136ಎ ಕಲಂ ರಸ್ತೆ ಸುರಕ್ಷತೆಯ ಇಲೆಕ್ಟ್ರಾನಿಕ್ ನಿಗಾವಣೆಯನ್ನು ರಾಜ್ಯಗಳ ಹೊಣೆಯಾಗಿಸಿತು. ಅದರಡಿ 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಅದರ ವಿಧಾನವನ್ನು ಹೇಳಿತು. ವೇಗ ಕ್ಯಾಮೆರಾ, ಸ್ಪೀಡ್ ಗನ್, ಫಲಕ ಓದುವ ಕ್ಯಾಮೆರಾಗಳ ಜೊತೆಗೆ ಓಡುವ ವಾಹನದ ತೂಕವನ್ನು ಅಳೆಯುವ ಸಾಧನವೂ ಆ ಪಟ್ಟಿಯಲ್ಲಿದೆ. ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ನಿಗಾ ಇರುವ ಹಾದಿಯಲ್ಲಿ ಎಚ್ಚರಿಕೆಯ ಫಲಕವನ್ನು ಎದ್ದು ಕಾಣುವಂತೆ ನಿಲ್ಲಿಸಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಚಲನ್ನಿನಲ್ಲಿ ಚಿತ್ರ, ಅಳತೆ, ದಿನಾಂಕ, ಹೊತ್ತು, ಸ್ಥಳ ಮತ್ತು ಮುರಿದ ಕಲಂ ಎಲ್ಲವೂ ಇರಬೇಕು. ಫಲಕ ನಿಲ್ಲಿಸಬೇಕೆಂಬ ಮಾತಿನಿಂದಲೇ ಕಾಯ್ದೆಯ ಉದ್ದೇಶ ಗೊತ್ತಾಗುತ್ತದೆ: ಚಾಲಕ ಮುಂಚಿತವಾಗಿ ತಿಳಿದು ನಿಧಾನವಾಗಲಿ ಎಂದೇ ಕಾಯ್ದೆ ಬಯಸುತ್ತದೆ. ಆದ್ದರಿಂದ ಪೊದೆಯ ಮರೆಯ ತಪಾಸಣೆ ಈ ನಿಯಮದ ಮನೋಧರ್ಮಕ್ಕೆ ಹೊಂದುವುದಿಲ್ಲ.

ಯಂತ್ರದ ನಂಬಿಕೆಯ ಪ್ರಶ್ನೆಗೂ ಈಗ ಆಧಾರ ದೊರೆತಿದೆ. ವಾಹನದ ವೇಗ ಅಳೆಯುವ ರಾಡಾರ್ ಸಾಧನಗಳನ್ನು ಕಾನೂನು ಮಾಪನಶಾಸ್ತ್ರ ನಿಯಮಗಳ ವ್ಯಾಪ್ತಿಗೆ ತಂದ ಕೇಂದ್ರ ಸರ್ಕಾರದ ನಿಯಮಗಳು 2025ರ ಜುಲೈ 1ರಿಂದ ಜಾರಿಗೆ ಬಂದಿವೆ. ಸೇಡಂನ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಕಾಟಾಕ್ಕೆ ಮುದ್ರೆಯಿಲ್ಲದಿದ್ದರೆ ರೈತನು ಆ ತೂಕವನ್ನು ಒಪ್ಪಬೇಕಾಗಿಲ್ಲ. ಮುದ್ರೆಯಿಲ್ಲದ ಸ್ಪೀಡ್ ಗನ್ನಿನ ಅಳತೆಯ ಮೇಲೆ ದಂಡ ಕಟ್ಟಬೇಕಾದ ಚಾಲಕನಿಗೂ ಅದೇ ಹಕ್ಕು ಸಲ್ಲಬೇಕು. ಮೋಟಾರು ವಾಹನ ಕಾಯ್ದೆಯನ್ನು ಜಾರಿಗೊಳಿಸುವ ಅಧಿಕಾರವುಳ್ಳವರೇ ತಪ್ಪು ಮಾಡಿದರೆ ಅವರಿಗೆ ದಂಡ ಇಮ್ಮಡಿಯೆಂದು 210ಬಿ ಕಲಂ ವಿಧಿಸಿರುವುದನ್ನೂ ಇಲ್ಲಿ ನೆನೆಯಬೇಕು. ಇಲಾಖೆಯ ಜೀಪು ತುರ್ತಿಲ್ಲದೆ ಮಿತಿ ಮೀರಿ ಹೋಗುವುದನ್ನು ಕಂಡ ಲಾರಿ ಚಾಲಕ ಕ್ಯಾಮೆರಾವನ್ನು ಸುರಕ್ಷತೆಯ ಸಾಧನವೆಂದು ನಂಬಲಾರ, ವಸೂಲಿಯ ಸಾಧನವೆಂದೇ ತಿಳಿಯುತ್ತಾನೆ. 2023ರ ಫೆಬ್ರುವರಿಯಲ್ಲಿಯೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿಯೂ ರಾಜ್ಯ ಸರ್ಕಾರ ಬಾಕಿ ದಂಡದ ಮೇಲೆ ಶೇಕಡಾ 50ರ ರಿಯಾಯಿತಿ ಕೊಟ್ಟಿತು. ಖಜಾನೆಗೆ ಇದರಿಂದ ಹಣ ಬಂದಿತಾದರೂ, ಸಮಯಕ್ಕೆ ದಂಡ ಕಟ್ಟಿದವನಿಗಿಂತ ಕಾದು ಕುಳಿತವನೇ ಜಾಣನೆಂಬ ಪಾಠವನ್ನೂ ಅದು ಕಲಿಸಿತು.

7. ವೇಗದ ಮೂಲ

ಪೈಪೋಟಿಯ ಎರಡೂ ಕಡೆಯವರು ಚಾಲಕನ ಕಾಲಿನ ಮೇಲೆ ಕಣ್ಣಿಟ್ಟಿದ್ದಾರೆ. ಆದರೆ ಸರಕು ಸಾಗಣೆಯ ಸೀಮೆಯಲ್ಲಿ ವೇಗವು ಆ ಕಾಲಿಗಿಂತ ಮೊದಲೇ ನಿಶ್ಚಯವಾಗಿರುತ್ತದೆ. ಚಾಲಕನ ಗಳಿಕೆ ಟ್ರಿಪ್ಪಿನ ಲೆಕ್ಕದಲ್ಲಿರುವಾಗ, ಲೋಡಿಂಗಿನ ಸರದಿಯಲ್ಲಿ ಗಂಟೆಗಟ್ಟಲೆ ಕಾದ ಹೊತ್ತಿಗೆ ಕೂಲಿ ಇಲ್ಲದಿರುವಾಗ, ಆ ಹೊತ್ತನ್ನು ಅವನು ರಸ್ತೆಯಲ್ಲೇ ಗಳಿಸಿಕೊಳ್ಳಬೇಕಾಗುತ್ತದೆ. ಅವನಿಗೆ ಬೀಳುವ ದಂಡವೂ ಒಮ್ಮೊಮ್ಮೆ ಟ್ರಿಪ್ಪಿನ ಖರ್ಚಿನೊಳಗೆ ಸೇರಿಹೋಗುತ್ತದೆ. ಭಾರಿ ಸರಕು ವಾಹನದ ಅತಿವೇಗಕ್ಕೆ ಕಾಯ್ದೆ 2,000ದಿಂದ 4,000 ರೂಪಾಯಿವರೆಗೆ ದಂಡವನ್ನೂ, ಎರಡನೆಯ ಸಲಕ್ಕೆ ಚಾಲನಾ ಪರವಾನಗಿಯ ಮುಟ್ಟುಗೋಲನ್ನೂ ವಿಧಿಸುತ್ತದೆ. ದಂಡವನ್ನು ಮಾಲೀಕ ತುಂಬಿಕೊಟ್ಟಾನು. ಪರವಾನಗಿ ಕಳೆದುಕೊಂಡ ಚಾಲಕನ ಮನೆಯನ್ನು ಯಾರೂ ತುಂಬಿಕೊಡಲಾರರು.

ಕಾಯ್ದೆ ಈ ಸಂಗತಿಯನ್ನು ಮರೆತಿಲ್ಲ. 2019ರ ತಿದ್ದುಪಡಿಯ ನಂತರದ 183ನೆಯ ಕಲಂ ಮಿತಿ ಮೀರಿ ಓಡಿಸಿದವನ ಜೊತೆಗೆ, ತನ್ನ ನೌಕರನಿಂದ ಅಥವಾ ತನ್ನ ಹತೋಟಿಯಲ್ಲಿರುವವನಿಂದ ಹಾಗೆ ಓಡಿಸಿದವನನ್ನೂ ಶಿಕ್ಷೆಗೆ ಗುರಿಪಡಿಸುತ್ತದೆ. ಅದೇ ಕಲಮಿನ 4ನೆಯ ಉಪಕಲಂ ಇನ್ನೂ ಮುಂದೆ ಹೋಗಿ, ಪ್ರಯಾಣವನ್ನು ಇಂತಿಷ್ಟು ಹೊತ್ತಿನಲ್ಲಿ ಮುಗಿಸಬೇಕೆಂದು ವೇಳಾಪಟ್ಟಿ ಪ್ರಕಟಿಸಿದಾಗ ಅಥವಾ ಸೂಚನೆ ಕೊಟ್ಟಾಗ, ವೇಗದ ಮಿತಿಯನ್ನು ಮುರಿಯದೆ ಅದನ್ನು ಪಾಲಿಸುವುದು ಸಾಧ್ಯವಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಆ ವೇಳಾಪಟ್ಟಿ ಅಥವಾ ಸೂಚನೆಯೇ ಅದನ್ನು ಕೊಟ್ಟವನ ವಿರುದ್ಧ ಮೇಲ್ನೋಟದ ಪುರಾವೆಯಾಗುತ್ತದೆ ಎನ್ನುತ್ತದೆ. ಈ ಉಪಕಲಂ ಬಸ್ಸಿನ ವೇಳಾಪಟ್ಟಿಗೆ ಅನ್ವಯಿಸುವಷ್ಟೇ ಬಲ್ಕರಿನ ಟ್ರಿಪ್ಪಿಗೂ ಅನ್ವಯಿಸುತ್ತದೆ.

ಇದಕ್ಕೆ ಬೇಕಾದ ಪುರಾವೆಗೆ ದುಬಾರಿ ಯಂತ್ರವೂ ಬೇಕಿಲ್ಲ. ಕಾರ್ಖಾನೆಯ ಗೇಟಿನಲ್ಲಿ ವಾಹನ ಹೊರಬಿದ್ದ ಹೊತ್ತು ದಾಖಲಾಗುತ್ತದೆ, ವೇಬ್ರಿಜ್ಜಿನ ಚೀಟಿಯ ಮೇಲೆ ತೂಕದೊಂದಿಗೆ ಹೊತ್ತೂ ಅಚ್ಚಾಗಿರುತ್ತದೆ, ಟೋಲಿನಲ್ಲಿ ಫಾಸ್ಟ್ಯಾಗ್ ಸಮಯವನ್ನು ಬರೆದುಕೊಳ್ಳುತ್ತದೆ, ಸಾಗಣೆದಾರರು ತಮ್ಮ ಲೆಕ್ಕಕ್ಕೆಂದು ಅಳವಡಿಸಿದ ಜಿಪಿಎಸ್ ಸಾಧನದಲ್ಲಿ ಇಡೀ ದಾರಿಯ ವೇಗ ಕೂಡಿರುತ್ತದೆ. ಎರಡು ಚೀಟಿಗಳ ನಡುವಿನ ದೂರವನ್ನು ಅವುಗಳ ನಡುವಿನ ಹೊತ್ತಿನಿಂದ ಭಾಗಿಸಿದರೆ ಸಿಗುವುದು ಸರಾಸರಿ ವೇಗದ ಕ್ಯಾಮೆರಾ ಕೊಡುವ ಅಂಕಿಯೇ. ನಡುವೆ ಊಟಕ್ಕೋ ದುರಸ್ತಿಗೋ ನಿಂತಿದ್ದರೆ ಈ ಅಂಕಿ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುವುದರಿಂದ, ಅದೇ ಮಿತಿಯನ್ನು ಮೀರಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಡಿಪ್ಪರಿನ ದೀಪದಿಂದಾಗಲಿ ಮಾಸಿದ ಫಲಕದಿಂದಾಗಲಿ ಈ ಅಳತೆಯನ್ನು ತಪ್ಪಿಸಲಾಗದು.

8. ತೀರ್ಮಾನ

ಈವರೆಗಿನ ವಿವೇಚನೆಯಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದಾಗಿ, ಒಂದು ಜಾಗದಲ್ಲಿ ಅಡಗಿ ನಡೆಸುವ ತಪಾಸಣೆಯೇ ಪತ್ತೆಯ ಉಪಾಯಗಳನ್ನು ಪೋಷಿಸುತ್ತದೆ. ಫಲಕ ಹಾಕಿ ದೂರವನ್ನಿಡೀ ಅಳೆಯುವ ವ್ಯವಸ್ಥೆಯೆದುರು ಡಿಟೆಕ್ಟರಿಗೂ ಡಿಪ್ಪರಿಗೂ ಬೆಲೆಯಿಲ್ಲ. ಎರಡನೆಯದಾಗಿ, ಮುದ್ರೆಯಿಲ್ಲದ ಯಂತ್ರ, ತಡವಾದ ನೋಟಿಸು, ಮತ್ತೆ ಮತ್ತೆ ಬರುವ ರಿಯಾಯಿತಿ ಇವು ಅಳತೆಯ ಮೇಲಿನ ಜನರ ನಂಬಿಕೆಯನ್ನು ಕೆಡಿಸುತ್ತವೆ. ಮೂರನೆಯದಾಗಿ, ಸಿಮೆಂಟು ಸೀಮೆಯ ವೇಗವನ್ನು ರಸ್ತೆಬದಿಯ ಯಂತ್ರದಿಂದಷ್ಟೇ ಇಳಿಸಲಾಗದು, ಅದನ್ನು ಲೋಡಿಂಗಿನ ಗೇಟಿನಿಂದಲೇ ಇಳಿಸುತ್ತ ಬರಬೇಕು.

2021ರ ನಿಯಮವು ಹೆದ್ದಾರಿಗಳ ಅಪಾಯದ ಹಾದಿಗಳಿಗೂ ದೊಡ್ಡ ನಗರಗಳಿಗೂ ಆದ್ಯತೆ ಕೊಟ್ಟಿದೆ. ಅದನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2024ರಲ್ಲಿ ರಾಜ್ಯಗಳನ್ನು ಒತ್ತಾಯಿಸಿದೆ. ಕಲಬುರಗಿ–ಸೇಡಂ, ಚಿತ್ತಾಪುರ–ವಾಡಿ–ಶಹಾಬಾದ್, ಸೇಡಂ–ಚಿಂಚೋಳಿ ದಾರಿಗಳು ಆ ಅಪಾಯದ ಹಾದಿಗಳ ಪಟ್ಟಿಗೆ ಸೇರಬೇಕು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯು ಈ ರಸ್ತೆಗಳಲ್ಲಿ ಸರಾಸರಿ ವೇಗದ ಅಳತೆಯನ್ನು ಕೇಳಬೇಕು. ಗೇಟಿನ ಮತ್ತು ವೇಬ್ರಿಜ್ಜಿನ ಹೊತ್ತುಗಳನ್ನು ತಿಂಗಳಿಗೊಮ್ಮೆ ಪರಿಶೀಲಿಸಬೇಕು. 183ನೆಯ ಕಲಮಿನ 4ನೆಯ ಉಪಕಲಮನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಲೋಡಿಂಗ್ ಗೇಟಿನಲ್ಲಿ ಚಾಲಕರೂ ಸಾಗಣೆದಾರರೂ ಓದುವಂತೆ ತೂಗುಹಾಕಿಸಬೇಕು. ಸಮಿತಿಯ ಈ ಮೂರು ಕೆಲಸಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಹಣ ಬೇಕು. ಉಳಿದೆರಡಕ್ಕೆ ಹೊಸ ಕಾನೂನಾಗಲಿ ಹೊಸ ಯಂತ್ರವಾಗಲಿ ಬೇಕಾಗಿಲ್ಲ.